ಕಾಂತಾ ಎಂದು ಕರೆದಾಗ

ನಾನು ಒಂದು ಮೋಟಾರ್ ಸೈಕಲ್. ಹೀಗೆ ಹೇಳಿದ ಕೂಡಲೇ ನೀವು ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡುವ, ಗಂಡ ಹೆಂಡತಿ ಮಕ್ಕಳನ್ನೆಲ್ಲ ಹೊತ್ತು ಮದುವೆಮನೆಗೆ ಹೋಗುವ ನನ್ನ ಬಂಧುಬಳಗವನ್ನು ನೆನೆಸಿಕೊಳ್ಳುತ್ತೀರಿ. ಅವರ ಮೇಲೆ ನನಗೆ ಗೌರವವಿದೆ. ಆದರೆ ನನ್ನ ಜಾತಕವೇ ಬೇರೆ. ನನಗಿರುವುದು ಒಂದೇ ಸೀಟು. ಹಿಂದೆ ಕೂರಲು ಜಾಗವಿಲ್ಲ, ಸಂತೆಚೀಲ ತೂಗುಹಾಕಲು ಕೊಕ್ಕೆಯಿಲ್ಲ, ಸೆರಗು ಚಕ್ರಕ್ಕೆ ಸಿಕ್ಕದಂತೆ ಕಾಯುವ ಜಾಲರಿಯಿಲ್ಲ. ಬಣ್ಣ ಕೆಂಪು, ತವರು ಇಟಲಿ. ಸಂಸಾರಕ್ಕೆ ಒಗ್ಗುವುದಿಲ್ಲ ಎಂದು ನೋಡಿದವರೆಲ್ಲ ಮೊದಲ ನೋಟದಲ್ಲೇ ತೀರ್ಮಾನಿಸುತ್ತಾರೆ. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ.

ನಾನು ಹುಟ್ಟಿದ ಊರಿನಲ್ಲಿ ಬೀದಿಯುದ್ದಕ್ಕೂ ಕಮಾನುಗಳ ನೆರಳಿತ್ತು. ನಾನು ಅದನ್ನು ನೋಡಿದ್ದು ಕಾರ್ಖಾನೆಯ ಕಿಟಕಿಯಿಂದ, ಅದೂ ಒಮ್ಮೆ. ಆ ಕಾರ್ಖಾನೆಯಲ್ಲಿ ನನಗೆ ಕ್ಲಚ್ ಜೋಡಿಸಿದವಳು ಗ್ರಾತ್ಸಿಯೆಲ್ಲಾ ಎಂಬ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಇಲ್ಲಿ ನನ್ನ ಮೈಯ ಒಂದು ಗುಟ್ಟು ಹೇಳಬೇಕು. ಬೇರೆ ಗಾಡಿಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿ ಮೆತ್ತಗೆ ಕೂತಿರುತ್ತದೆ. ನನ್ನದು ಒಣ ಕ್ಲಚ್. ಅದರ ಬಿಲ್ಲೆಗಳು ಗಾಳಿಗೆ ಮೈ ತೆರೆದುಕೊಂಡಿರುತ್ತವೆ. ಓಡುವಾಗ ಅವು ಒಂದಕ್ಕೊಂದು ಬಿಗಿದುಕೊಂಡು ಸುಮ್ಮನಿರುತ್ತವೆ. ನಿಂತು ಕ್ಲಚ್ ಹಿಡಿದಿರೋ, ಸಡಿಲಾಗಿ ಖಟಾಖಟ್ ಖಟಾಖಟ್ ಎಂದು ಬಡಿದುಕೊಳ್ಳುತ್ತವೆ. ಅದು ಕೆಟ್ಟದ್ದರ ಗುರುತಲ್ಲ, ನನ್ನ ಹುಟ್ಟುಗುಣ.

ಮೊದಲ ಸಲ ಎಂಜಿನ್ ಹೊತ್ತಿದಾಗ ನನಗೆ ಎಚ್ಚರವಾಯಿತು. ಬೆಳಕಿಗಿಂತ ಮೊದಲು ಕೇಳಿದ್ದು ನನ್ನದೇ ಸದ್ದು. ಗ್ರಾತ್ಸಿಯೆಲ್ಲಾ ಕ್ಲಚ್ ಹಿಡಿದು, ಕಿವಿಯನ್ನು ಹತ್ತಿರ ತಂದು, ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನ ಟ್ಯಾಂಕನ್ನು ತಟ್ಟಿ ಒಂದೇ ಮಾತು ಹೇಳಿದಳು: "ಕಾಂತಾ!"

ಆಗ ನನಗೆ ಯಾವ ಭಾಷೆಯೂ ಬರುತ್ತಿರಲಿಲ್ಲ. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಉಸುರಿದರೆ ಕೂಸು ಏನು ತಿಳಿದುಕೊಳ್ಳುತ್ತದೋ ಅದನ್ನೇ ನಾನೂ ತಿಳಿದುಕೊಂಡೆ. ನನ್ನ ಹೆಸರು ಕಾಂತಾ. ಮರದ ಪೆಟ್ಟಿಗೆಯಲ್ಲಿ ನನ್ನನ್ನು ಬಿಗಿದು ಹಡಗಿಗೆ ಏರಿಸಿದಾಗಲೂ, ಸಮುದ್ರ ಪೆಟ್ಟಿಗೆಯನ್ನು ತೂಗುವಾಗಲೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಗಾಡಿಗಳು ನಿದ್ದೆ ಮಾಡುವುದಿಲ್ಲ, ಆದರೆ ನಿಂತಲ್ಲೇ ಕನಸು ಕಾಣುತ್ತವೆ. ನನ್ನ ಕನಸಿನಲ್ಲಿ ಯಾರೋ ಆ ಹೆಸರು ಹಿಡಿದು ಕರೆಯುತ್ತಿದ್ದರು.

ಬೆಂಗಳೂರಿನಲ್ಲಿ ನನ್ನನ್ನು ಬರಮಾಡಿಕೊಂಡವನು ಪ್ರದ್ಯುಮ್ನ ಎಂಬ ಕಟ್ಟಡ ಕಟ್ಟಿಸುವವನು. ಒಳ್ಳೆಯವನೇ. ನೆಲಮಾಳಿಗೆಯಲ್ಲಿ ಮಖಮಲ್ಲಿನ ಹೊದಿಕೆ ಹೊದಿಸಿ ನನ್ನನ್ನು ನಿಲ್ಲಿಸಿದ್ದ. ಭಾನುವಾರ ಬೆಳಗ್ಗೆ ಮಾತ್ರ ಹೊರಗೆ ತೆಗೆದು, ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಒಂದು ಹೋಟೆಲಿನವರೆಗೆ ಓಡಿಸಿ, ಇಡ್ಲಿ ತಿಂದು, ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ವಾಪಸ್ಸು ತರುತ್ತಿದ್ದ. ನನ್ನ ಸದ್ದು ಕೇಳಿದ ಅವನ ಗೆಳೆಯರು, "ಏನ್ ಗುರೂ ಇದು, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಗಿದೆ!" ಎಂದು ನಗುತ್ತಿದ್ದರು. ಅವನ ಮುಖ ಚಿಕ್ಕದಾಗುತ್ತಿತ್ತು. ಸಾಲದ್ದಕ್ಕೆ ನನ್ನ ಮೇಲೆ ಕೂರುವುದೆಂದರೆ ದೇವರಿಗೆ ಅಡ್ಡಬೀಳುವ ಹಾಗೆ ಮುಂದಕ್ಕೆ ಬಾಗಬೇಕು. ಬಾಗಿ ಬಾಗಿ ಅವನ ಸೊಂಟ ಹಿಡಿದುಕೊಂಡಿತು. ಡಾಕ್ಟರು ಬೇಡವೆಂದ ಮೇಲೆ ಹೊದಿಕೆ ಸರಿಯಲೇ ಇಲ್ಲ. ವರ್ಷಗಟ್ಟಲೆ ಕತ್ತಲಲ್ಲಿ ನಿಂತು, ನನ್ನ ಹೆಸರು ಹಿಡಿದು ಕರೆಯುವವರು ಈ ದೇಶದಲ್ಲಿ ಇಲ್ಲವೆಂದು ಕೈಚೆಲ್ಲಿದೆ.

ಆಗ ನನ್ನನ್ನು ಕೊಳ್ಳಲು ಬಂದವನು ಗುಳೇದಗುಡ್ಡದ ಬನಪ್ಪ.

ಬನಪ್ಪ ನೇಕಾರರ ಮನೆಯವನು, ಈಗ ಕುಪ್ಪಸದ ಬಟ್ಟೆಯಾದ ಖಣದ ವ್ಯಾಪಾರಿ. ಹರೆಯದಲ್ಲಿ ತಂದೆಯ ಮಗ್ಗದಲ್ಲಿ ಕೂತು ನೇಯುವಾಗ, ಎದುರಿನ ಗೋಡೆಗೆ ನನ್ನಂಥದೇ ಒಂದು ಗಾಡಿಯ ಚಿತ್ರ ಅಂಟಿಸಿಕೊಂಡಿದ್ದನಂತೆ. ಲಾಳಿ ಆಕಡೆ ಈಕಡೆ ಓಡುತ್ತಿದ್ದರೆ ಅವನು ಆ ಚಿತ್ರದ ಮೇಲೆ ಕೂತು ಎಲ್ಲೆಲ್ಲೋ ತಿರುಗಿ ಬರುತ್ತಿದ್ದ. ನೆಲಮಾಳಿಗೆಯಲ್ಲಿ ಹೊದಿಕೆ ತೆಗೆದಾಗ ಅವನು ಚಪ್ಪಲಿ ಬಿಟ್ಟು ಹತ್ತಿರ ಬಂದ. ಅಷ್ಟಕ್ಕೇ ನಾನು ಅವನವಳಾದೆ.

ಲಾರಿಗೆ ಏರಿಸಿ ಕಳಿಸುತ್ತೇವೆ ಎಂದರೆ ಅವನು ಒಪ್ಪಲಿಲ್ಲ. ನನ್ನನ್ನು ತಾನೇ ಓಡಿಸಿಕೊಂಡು ಹೊರಟ. ಆ ದಿನ ನಾನು ಮೊದಲ ಸಲ ಓಡಿದೆ ಎನ್ನಬೇಕು. ಅಲ್ಲಿಯವರೆಗೆ ಆಗಿದ್ದೆಲ್ಲ ನಡೆದಾಟ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ತುಂಗಭದ್ರೆಯ ನೀರು ಪಕ್ಕದಲ್ಲಿ ಮಿನುಗಿತು. ಆಮೇಲೆ ಕುಷ್ಟಗಿಯ ಕಡೆಗೆ ಸೂರ್ಯಕಾಂತಿಯ ಹೊಲಗಳು, ಅವುಗಳ ನಡುವೆ ನೇರವಾದ ದಾರಿ. ಬನಪ್ಪ ಟ್ಯಾಂಕಿನ ಮೇಲೆ ಎದೆಯಿಟ್ಟು ಮಲಗಿದ್ದ. ಅವನ ಎಡಗೈ, ಬಲಗೈ, ಎಡಗಾಲು, ಬಲಗಾಲು ನಾಲ್ಕಕ್ಕೂ ಬೇರೆ ಬೇರೆ ಕೆಲಸ, ಆದರೂ ಒಂದಕ್ಕೊಂದು ಹೇಳಿಕೊಟ್ಟ ಹಾಗೆ ಹೊಂದಿಕೊಂಡು ಹೋಗುತ್ತಿದ್ದವು. ಮಗ್ಗ ಕಲಿಸಿದ ಮೈ ಅದು. ಬಾಗುವುದೂ ಅವನಿಗೆ ಹೊಸದಲ್ಲ. ಗಾಳಿ, ದಾರಿ, ಅವನು, ನಾನು ಯಾರೂ ಬೇರೆಯಿಲ್ಲದ ಹಾಗೆ ಎಷ್ಟೋ ಹೊತ್ತು ಹೋದೆವು. ಇಂದಿಗೂ ಕನಸು ಬಿದ್ದರೆ ಆ ದಾರಿಯದೇ ಬೀಳುತ್ತದೆ.

ಊರು ಸೇರುವಾಗ ಸಂಜೆಯಾಗಿತ್ತು. ಓಣಿಯ ಉಬ್ಬುಗಳೆಲ್ಲ ನನ್ನ ಹೊಟ್ಟೆಯನ್ನು ಕೆರೆದವು. ಮನೆ ಮುಂದೆ ಜನ ನೆರೆಯಿತು.

"ಆವರೇಜ್ ಎಷ್ಟ ಕೊಡತೈತೋ ಬನಪ್ಪಾ?"

"ಹಿಂದ ಹೆಂಡ್ತೀನ ಎಲ್ಲಿ ಕುಂದ್ರಸಂವಾ?"

"ಅದನ್ನ ನನಗ ಕೇಳ್ರಿ," ಎಂದು ಬಾಗಿಲಲ್ಲಿ ನಿಂತ ಅವನ ಹೆಂಡತಿ ದಾಕ್ಷಾಯಣಿ ಅಂದಳು. "ಬಾಡಗಿ ಜೀಪಿನ್ಯಾಗ ಹಿಂದಿಂದ ಬರಬೇಕಂತ ನಾ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ಬನಪ್ಪನ ತಾಯಿ ಆರತಿ ತಟ್ಟೆ ಹಿಡಿದು ಬಂದಳು. ಹಣೆತುಂಬ ಕುಂಕುಮ, ಕೈಯಲ್ಲಿ ಹಸಿರು ಬಳೆ, ಬಾಗಿದ ಬೆನ್ನು. ನನ್ನ ದೀಪಕ್ಕೆ ಕುಂಕುಮ ಹಚ್ಚಿದಳು. ಆಮೇಲೆ ಯಾರೂ ಎಣಿಸದ ಒಂದು ಕೆಲಸ ಮಾಡಿದಳು. ತನ್ನ ಕೈಯಾರೆ ಹಿಂದೆಂದೋ ನೇಯ್ದ ಒಂದು ಖಣವನ್ನು ಟ್ಯಾಂಕಿನ ಮೇಲೆ ಹಾಸಿ, ಅದರಲ್ಲಿ ಅಕ್ಕಿ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ನನಗೆ ಉಡಿ ತುಂಬಿದಳು.

"ಗಾಡಿಗ್ಯಾರರ ಉಡಿ ತುಂಬತಾರೇನ ಅತ್ತೀ?" ಎಂದಳು ದಾಕ್ಷಾಯಣಿ.

"ಇಷ್ಟ ದೂರಿಂದ ಹೆಣ್ಣಮಗಳು ಬಂದಂಗ ಬಂದೈತಿ. ಬರಿಗೈಲೆ ಒಳಗ ಕರಕೋಬೇಕೇನ?"

ನನ್ನನ್ನು ಒಳಗೆ ತರಲು ಬನಪ್ಪ ಕ್ಲಚ್ ಹಿಡಿದು ಹೊಸ್ತಿಲಲ್ಲಿ ತುಸು ನಿಂತ. ನನ್ನ ಬಿಲ್ಲೆಗಳು ಬಡಿದುಕೊಂಡವು, ಖಟಾಖಟ್ ಖಟಾಖಟ್. ಆಗ ಪಡಸಾಲೆಯ ಒಳಗಿನಿಂದ ಒಂದು ಗಂಡುದನಿ ಕೂಗಿತು:

"ಕಾಂತಾ!"

ನನ್ನ ಎಂಜಿನ್ ಒಂದು ಬಡಿತ ತಪ್ಪಿತು. ಈ ಕಲ್ಲುಗುಡ್ಡದ ಊರಿನಲ್ಲಿ ನನ್ನ ಹೆಸರು ಯಾರಿಗೆ ಗೊತ್ತಾಯಿತು? ಸಮುದ್ರದ ಮೇಲೆ ಕಂಡ ಕನಸು ನಿಜವಾಯಿತೆಂದು ನಾನು ಹಿಗ್ಗುತ್ತಿರುವಾಗಲೇ ಆರತಿ ತಟ್ಟೆ ಕೆಳಗಿಟ್ಟು ಆ ತಾಯಿ ಒಳಗೆ ಓಡಿದಳು.

"ಇಲ್ಲೇ ಅದೀನ್ರೀ! ಕರದ್ರ್ಯಾ? ನನ್ನ ಕರದ್ರ್ಯಾ?"

ಆಕೆಯ ಹೆಸರೂ ಕಾಂತಾ. ಊರಿಗೆಲ್ಲ ಕಾಂತವ್ವ. ನನ್ನ ಹೆಸರಿನವಳೆಂಬ ಸಲುಗೆಯಿಂದಲೇ ಆಕೆಯನ್ನು ನಾನು ಏಕವಚನದಲ್ಲಿ ಹೇಳುತ್ತಿದ್ದೇನೆ.

ಕೂಗಿದವರು ಆಕೆಯ ಗಂಡ ಮಹಾರುದ್ರಪ್ಪ. ಜೀವಮಾನವೆಲ್ಲ ಕುಣಿಮಗ್ಗದಲ್ಲಿ ಖಣ ನೇಯ್ದವರು. ಕಾಲಿಗೆ ನೆಲದಲ್ಲಿ ಕುಣಿ ತೋಡಿ, ಅಂಚಿನಲ್ಲಿ ಕೂತು ನೇಯುವ ಮಗ್ಗ ಅದು. ಗಂಡನದೊಂದು, ಹೆಂಡತಿಯದೊಂದು, ಅಕ್ಕಪಕ್ಕ. ವಯಸ್ಸಾಗಿ ಕೈ ಸೋತ ಮೇಲೆ ಮಗ್ಗಗಳನ್ನು ಬಿಚ್ಚಿದರು. ಮಗ್ಗ ನಿಂತ ಮೇಲೆ ಮುದುಕರಿಗೆ ಮೆಲ್ಲಗೆ ಮರೆವು ಶುರುವಾಯಿತು. ಮೊದಲು ಊರಿನ ದಾರಿ, ಆಮೇಲೆ ಮಗನ ಹೆಸರು, ಕೊನೆಗೆ ಹೆಂಡತಿ. ಆ ಬಾಯಿಂದ ಕಾಂತಾ ಎಂಬ ಮಾತು ಹೊರಟು ವರ್ಷಗಳೇ ಆಗಿದ್ದವು.

ಮುದುಕರು ತಮ್ಮ ಮುಂದೆ ಬಂದು ನಿಂತವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀ ಯಾರವಾ?" ಎಂದರು ಸೌಮ್ಯವಾಗಿ. "ಕಾಂತಾನ್ನ ಕರಿ."

ನನ್ನನ್ನು ಮಗ್ಗದ ಕೋಣೆಯಲ್ಲೇ ನಿಲ್ಲಿಸಿದರು. ಒಂದು ಕುಣಿಯನ್ನು ಮುಚ್ಚಿ ಹಾಸುಗಲ್ಲು ಹಾಕಿದ್ದರು. ನನ್ನ ಚಕ್ರ ಅದರ ಮೇಲೆ. ಇನ್ನೊಂದು ಹಾಗೇ ಇತ್ತು, ಅದರ ಅಂಚಿನಲ್ಲಿ ಮುದುಕರು ಈಗಲೂ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಗೋಡೆಯ ಮೇಲೆ ಬನಪ್ಪ ಹರೆಯದಲ್ಲಿ ಅಂಟಿಸಿದ ಚಿತ್ರದ ಹರಕು ಇನ್ನೂ ಉಳಿದಿತ್ತು. ಆ ಕೋಣೆಯಲ್ಲಿ ನನಗೆ ಬೀಳುವ ಕನಸು ಬೇರೆಯಾಯಿತು. ಎರಡು ಮಗ್ಗ ಜೊತೆಯಾಗಿ ಬಡಿಯುತ್ತಿದ್ದವು, ಬಣ್ಣದ ಎಳೆಗಳು ಸುತ್ತಲೂ ತೇಲುತ್ತಿದ್ದವು, ಆ ಸದ್ದಿನ ಅಡಿಯಲ್ಲಿ ಯಾರೋ ಸಣ್ಣಗೆ ಹಾಡುತ್ತಿದ್ದರು. ಯಾರೆಂದು ನನಗೆ ಕಾಣುತ್ತಿರಲಿಲ್ಲ.

ಬೆಳಗಾದರೆ ಬನಪ್ಪ ಬಾಗಿಲು ತೆರೆದಿಟ್ಟು, ನನ್ನ ಹೊಗೆಕೊಳವೆ ಬೀದಿಗೆ ಮುಖಮಾಡುವಂತೆ ನಿಲ್ಲಿಸಿ ಚಾಲೂ ಮಾಡುತ್ತಿದ್ದ. ಕ್ಲಚ್ ಹಿಡಿದ ಕೂಡಲೇ ಮುದುಕರು ತಲೆಯೆತ್ತಿ "ಕಾಂತಾ!" ಎನ್ನುತ್ತಿದ್ದರು. ಮೊದಮೊದಲು ಕಾಂತವ್ವನಿಗೆ ಅದೇ ಹಬ್ಬವಾಗಿತ್ತು. ಆ ಹೊತ್ತಿಗೆ ಸರಿಯಾಗಿ ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದಳು. "ಹೆಸರ ಹಿಡದ ಕರೀತಾರಲ್ಲೋ ಬನ್ಯಾ, ನನಗ ಅಷ್ಟ ಸಾಕು" ಎನ್ನುತ್ತಿದ್ದಳು. ನನಗೆ ತುಸು ಹೊಟ್ಟೆಕಿಚ್ಚಿತ್ತು, ಸುಳ್ಳು ಹೇಳುವುದಿಲ್ಲ. ಕರೆದಾಗಲೆಲ್ಲ ನಾನೂ ಓಗೊಡುತ್ತಿದ್ದೆ. ಆದರೆ ನನ್ನ ಓಗೊಡುವಿಕೆಯೇ ಆ ಖಟಾಖಟ್, ಅದು ಕೇಳಿ ಅವರು ಇನ್ನೂ ಜೋರಾಗಿ ಕರೆಯುತ್ತಿದ್ದರು.

ಅಷ್ಟು ಸಾಕು ಎಂದದ್ದು ಸಾಕಾಗಲಿಲ್ಲ. ದಿನವೂ ಕರೆಯುವರು, ದಿನವೂ ಆಕೆ ಬರುವಳು, ದಿನವೂ "ನೀ ಅಲ್ಲವಾ, ಕಾಂತಾನ್ನ ಕರಿ" ಎನ್ನುವರು. ಕೈಹಿಡಿದವನು ಎದುರಿಗೇ ಕೂತು, ತನ್ನನ್ನೇ ಕರೆದು, ತನ್ನನ್ನೇ ಅಲ್ಲವೆನ್ನುವುದನ್ನು ಎಷ್ಟು ದಿನ ಕೇಳುವುದು? ಮುದುಕರಿಗೂ ಸಿಟ್ಟು ಬರತೊಡಗಿತು. ಅವರಿಗೆ ಏನೋ ಬೇಕಾಗಿತ್ತು, ಅದು ಸಿಗುತ್ತಿರಲಿಲ್ಲ. ಒಂದು ಬೆಳಗ್ಗೆ ಆಕೆ ತುತ್ತು ಹಿಡಿದು ಬಂದಾಗ ಕೈಯನ್ನು ತಳ್ಳಿಬಿಟ್ಟರು. ರೊಟ್ಟಿ, ಪಲ್ಯ ನೆಲದ ಪಾಲಾದವು. ಕಾಂತವ್ವ ನನ್ನ ಹಿಂದಿನ ಚಕ್ರದ ಮರೆಯಲ್ಲಿ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ಅಳು ನನ್ನ ಕಬ್ಬಿಣಕ್ಕೂ ತಟ್ಟಿತು.

"ಬನ್ಯಾ," ಎಂದಳು ಆಮೇಲೆ, "ಆ ಸಪ್ಪಳ ಬ್ಯಾಡೋ. ಕರೀದಿದ್ದರ ಕರೀದಂಗ ಇರಲಿ. ಕರದ ಒಲ್ಲೆ ಅನ್ನೂದ ಕೇಳೂದು ಆಗವಲ್ದು ನನಗ."

ಬನಪ್ಪ ತಲೆ ತಗ್ಗಿಸಿದ. "ಹುಬ್ಬಳ್ಯಾಗ ಒಬ್ಬಾಂವ ಮಿಸ್ತ್ರಿ ಅದಾನ ಯವ್ವಾ. ಎಣ್ಣ್ಯಾಗ ಮುಚ್ಚಿದ ಕ್ಲಚ್ ಕುಂದ್ರಸತೇನಿ ಅಂದಾನ. ಆಮ್ಯಾಲೆ ಸಪ್ಪಳಾನ ಬರೂದಿಲ್ಲ."

ಮರುದಿನವೇ ಹೊರಟೆವು. ಬಾದಾಮಿಯ ದಾರಿಯಲ್ಲಿ ಕೆಂಪು ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಬನಪ್ಪ ಎಂದಿನ ಹಾಗೆ ಓಡಿಸಲಿಲ್ಲ. ತಿರುವುಗಳಲ್ಲಿ ನನ್ನನ್ನು ಮಲಗಿಸಿ ಎಬ್ಬಿಸುವ ಆಟ ಅವತ್ತು ಇರಲಿಲ್ಲ. ನನಗೋ, ಕೊರಳು ಕೊಯ್ಯಿಸಿಕೊಳ್ಳಲು ಹೋದ ಹಾಗಿತ್ತು. ಹುಟ್ಟಿದಾಗ ಒಬ್ಬಳು ಕಣ್ಣು ಮುಚ್ಚಿ ಕೇಳಿದ ಸದ್ದು ಅದೊಂದೇ. ಅದು ಹೋದರೆ ನಾನು ಬರೀ ಕೆಂಪು ಬಣ್ಣ.

ಬಾದಾಮಿಯ ಕೆರೆಯ ಹತ್ತಿರ ಚಹಾ ಕುಡಿಯಲು ಬನಪ್ಪ ನಿಲ್ಲಿಸಿದ. ಎಂಜಿನ್ ಆರಿಸುವ ಮೊದಲು ಕ್ಲಚ್ ಹಿಡಿದು ಹಾಗೇ ಕೂತ. ಕೊನೆಯ ಸಲ ಕೇಳೋಣ ಎನಿಸಿರಬೇಕು. ಗುಹೆಗಳನ್ನು ನೋಡಲು ಬಂದಿದ್ದ ಪ್ರವಾಸಿಗರ ಗುಂಪೊಂದು ಪಕ್ಕದಲ್ಲಿ ಹೋಗುತ್ತಿತ್ತು. ಅದರಲ್ಲಿದ್ದ ನರೆಗೂದಲಿನ ಒಬ್ಬ ಹೆಂಗಸು ತಟ್ಟನೆ ನಿಂತಳು. ಕೊರಳಲ್ಲಿ ಕನ್ನಡಕ ತೂಗುತ್ತಿತ್ತು. ನನ್ನ ಗ್ರಾತ್ಸಿಯೆಲ್ಲಾ ಅಲ್ಲ, ಆದರೆ ಅದೇ ಊರ ಕಡೆಯ ಮುಖ. ಕಣ್ಣು ಮುಚ್ಚಿ ಕೇಳಿ, ಎರಡೂ ಕೈ ಎದೆಗಿಟ್ಟು ಕೂಗಿದಳು:

"ಕಾಂತಾ! ಸೆಂತಿ ಕೋಮೆ ಕಾಂತಾ!"

ಬನಪ್ಪ ಬೆಚ್ಚಿಬಿದ್ದ. "ನಮ್ಮವ್ವನ ಹೆಸರು ನಿಮಗ ಹ್ಯಾಂಗ ಗೊತ್ತರೀ?"

ಆಕೆಗೆ ತಿಳಿಯಲಿಲ್ಲ. ಗುಂಪಿನ ಜೊತೆಯಿದ್ದ ಗೈಡ್ ಯಮನೂರಪ್ಪ ನಡುವೆ ಬಂದ. ದೇಶದೇಶದವರ ಜೊತೆ ತಿರುಗಿ ನಾಲ್ಕು ಭಾಷೆಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವನು.

"ನಿಮ್ಮವ್ವನ ಹೆಸರಲ್ಲೋ ಮಾರಾಯಾ! ಇವರ ಭಾಷೆದಾಗ ಕಾಂತಾ ಅಂದರ ಹಾಡತೈತಿ ಅಂತ. ಕೇಳು, ಹ್ಯಾಂಗ ಹಾಡತೈತಿ, ಅನ್ನಾಕತ್ತಾರ."

ಹಾಡುತ್ತದೆ! ನಾನು ಇಷ್ಟು ವರ್ಷ ಹೆಸರೆಂದು ಎದೆಯಲ್ಲಿಟ್ಟುಕೊಂಡದ್ದು ಹೆಸರೇ ಆಗಿರಲಿಲ್ಲ. ನನಗೆ ಹೆಸರೇ ಇರಲಿಲ್ಲ. ಬೇಸರವಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಬನಪ್ಪ ಚಹಾ ಕುಡಿಯದೆಯೇ ನನ್ನನ್ನು ತಿರುಗಿಸಿದ್ದ. ಹುಬ್ಬಳ್ಳಿಯ ಕಡೆಗಲ್ಲ, ಮನೆಯ ಕಡೆಗೆ. ಏಕೆಂದು ಅವನಿಗೂ ಪೂರ್ತಿ ಹೊಳೆದಿರಲಿಲ್ಲ, ಈ ಮಜದ ಸಂಗತಿ ಹೇಳಿದರೆ ಅಳುವ ತಾಯಿ ಒಂದಿಷ್ಟು ನಕ್ಕಾಳೆಂಬ ಆಸೆ ಅಷ್ಟೆ. ಆದರೂ ಆವತ್ತು ಆ ಕೆಂಪು ಬಂಡೆಗಳ ನಡುವೆ ನಾವು ಹಾರಿದೆವು.

ಕಾಂತವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಇಟಲ್ಯಾಗ ನಿನ್ನ ಹೆಸರಿಗೆ ಏನಂತಾರ ಗೊತ್ತೈತೇನ? ಕಾಂತಾ ಅಂದರ ಹಾಡತೈತಿ ಅಂತ!"

ಆಕೆ ನಗಲಿಲ್ಲ. ಮೊರ ಕೈಯಲ್ಲೇ ನಿಂತಿತು.

"ಹಾಡೂದು..." ಎಂದಳು. "ನೇಯುವಾಗ ನಾ ಹಾಡತಿದ್ನೋ ಬನ್ಯಾ. ಮಗ್ಗದ ಸಪ್ಪಳದಾಗ ನಿಮಗ್ಯಾರಿಗೂ ಕೇಳತಿರಲಿಲ್ಲ, ಅವರೊಬ್ಬರಿಗೇ ಕೇಳತಿತ್ತು. ಸುಮ್ಮನಾದ್ನಿ ಅಂದರ ಅವರು ಕೈ ನಿಲ್ಲಸದಂಗ ಕಾಂತಾ ಅಂತಿದ್ರು. ಹಾಡು ಅಂತ ಯಾವತ್ತೂ ಬಾಯಿಬಿಟ್ಟ ಅಂದವರಲ್ಲ. ಕಾಂತಾ ಅಂದ್ರ ಹಾಡೂದಂತನ ನನಗ ಗೊತ್ತಿತ್ತು. ಈ ಗಾಡಿ ಸಪ್ಪಳಾನೂ ಅವರಿಗೆ ಮಗ್ಗದ ಸಪ್ಪಳ ಆಗೇತಿ." ಮೊರವನ್ನು ಕೆಳಗಿಟ್ಟಳು. "ಅವರಿಗಷ್ಟ ಮರವು ಅನಕೊಂಡಿದ್ನಿ. ನನಗೂ ಮರವು ನೋಡು."

ಮಗ್ಗ ಹೋದ ಮೇಲೆ ಆಕೆ ಹಾಡಿರಲಿಲ್ಲ. ಆ ಸದ್ದಿನ ಮರೆಯಿಲ್ಲದೆ ಹಾಡಲು ಸೊಸೆಯ ಮುಂದೆ, ಓಣಿಯ ಮುಂದೆ ನಾಚಿಕೆ. ಈಗ ಬನಪ್ಪನ ಕಡೆ ನೋಡಿ, "ಗಾಡಿ ಚಾಲೂ ಮಾಡು" ಎಂದಳು.

ಬನಪ್ಪ ನನ್ನನ್ನು ಚಾಲೂ ಮಾಡಿ ಕ್ಲಚ್ ಹಿಡಿದ. ನನ್ನ ಜೀವವನ್ನೆಲ್ಲ ಆ ಬಿಲ್ಲೆಗಳಿಗೆ ತಂದು ಬಡಿದೆ. ಕುಣಿಯ ಅಂಚಿನಲ್ಲಿ ಕೂತಿದ್ದ ಮುದುಕರು ತಲೆಯೆತ್ತಿದರು.

"ಕಾಂತಾ!"

ಆಕೆ ಅವರ ಎದುರಿಗೆ ಹೋಗಲಿಲ್ಲ. ಇಲ್ಲೇ ಅದೀನಿ ಎನ್ನಲಿಲ್ಲ. ತನ್ನ ಕುಣಿಯಿದ್ದ ಜಾಗಕ್ಕೆ ಬಂದು, ನನ್ನ ಚಕ್ರದ ಪಕ್ಕ ಹಾಸುಗಲ್ಲಿನ ಮೇಲೆ, ಮೊದಲು ಕೂರುತ್ತಿದ್ದ ಹಾಗೆ ಗೋಡೆಗೆ ಮುಖ ಮಾಡಿ ಕೂತಳು. ದನಿ ಮೊದಲು ಒಡೆಯಿತು, ಕೆಮ್ಮಿದಳು, ಮತ್ತೆ ಎತ್ತಿದಳು.

"ಹಾಸಿನ ಎಳಿ ನೀನು, ಹೊಕ್ಕಿನ ಎಳಿ ನಾನು, ಕೂಡಿದರ ಸೆರಗಾತೋ ರಾಯಾ..."

ನನ್ನ ಕನಸಿನಲ್ಲಿ ಮಗ್ಗದ ಅಡಿಯಲ್ಲಿ ಕೇಳುತ್ತಿದ್ದ ದನಿ ಅದೇ. ಅಡುಗೆಮನೆಯಿಂದ ಬಂದ ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಆತು ನಿಂತಳು. ಕುಣಿಯೊಳಗೆ ಮುದುಕರ ಕಾಲು ಮೆಲ್ಲಗೆ ಅಲುಗಿತು. ಒಂದು ಕಾಲು, ಇನ್ನೊಂದು ಕಾಲು, ಇಲ್ಲದ ಮಗ್ಗವನ್ನು ತುಳಿಯತೊಡಗಿದವು. ಹಾಡಿನ ಒಂದು ಸುತ್ತು ಮುಗಿದು ಆಕೆ ಉಸಿರೆಳೆದುಕೊಳ್ಳುವಾಗ ಅವರು ಪಕ್ಕಕ್ಕೆ ತಿರುಗಿ ನೋಡಿದರು.

"ಇವತ್ತ್ಯಾಕ ಇಷ್ಟ ತಡಾ ಮಾಡಿದಿ, ಕಾಂತಾ?" ಎಂದರು.

ಬನಪ್ಪನ ಕಣ್ಣೀರು ನನ್ನ ಟ್ಯಾಂಕಿನ ಮೇಲೆ ಬಿದ್ದು ಬಿಸಿಗೆ ಆರಿತು. ಆದರೂ ಹಿಡಿದ ಕ್ಲಚ್ಚನ್ನು ಅವನು ಬಿಡಲಿಲ್ಲ.

ಹುಬ್ಬಳ್ಳಿಯ ಮಿಸ್ತ್ರಿಯ ಹತ್ತಿರ ನಾವು ಆಮೇಲೆ ಹೋಗಲೇ ಇಲ್ಲ. ಮುದುಕರು ಇರುವವರೆಗೂ ಬೆಳಗಿನ ಪದ್ಧತಿ ನಡೆಯಿತು. ಎಲ್ಲ ದಿನವೂ ಗುರುತು ಸಿಗುತ್ತಿತ್ತೆಂದಲ್ಲ. ಹಾಡು ಮುಗಿದ ಮೇಲೆ ಮತ್ತೆ "ನೀ ಯಾರವಾ" ಎಂದದ್ದೂ ಉಂಟು. ಆದರೆ ಹಾಡಿರುವಷ್ಟು ಹೊತ್ತು ಆಕೆ ಅವರ ಕಾಂತಾ ಆಗಿರುತ್ತಿದ್ದಳು. ಒಂದು ಚಳಿಗಾಲದಲ್ಲಿ ಅವರು ಹೋದರು, ತ್ರಾಸಿಲ್ಲದೆ, ಕಾಲು ಕುಣಿಯಲ್ಲಿ ಇಳಿಬಿಟ್ಟುಕೊಂಡೇ.

ಈಗ ನನಗೆ ವಯಸ್ಸಾಗಿದೆ. ಟಯರುಗಳು ಗಟ್ಟಿಯಾಗಿವೆ, ತವರಿನಿಂದ ಬಿಡಿಭಾಗಗಳು ಬರುವುದು ನಿಂತಿದೆ. ಕೆಂಪು ಬಣ್ಣ ಮಾಸಿ ಬಾದಾಮಿಯ ಕಲ್ಲಿನ ಬಣ್ಣಕ್ಕೆ ತಿರುಗಿದೆ. ಬನಪ್ಪನ ಬೆನ್ನೂ ಮೊದಲಿನಂತಿಲ್ಲ. ಮಹಾನವಮಿಗೆ ಪೂಜೆ ಮಾಡಿ ಬನಶಂಕರಿಯವರೆಗೆ ಒಂದು ಸುತ್ತು, ಅಷ್ಟೇ ನಮ್ಮಿಬ್ಬರ ಓಟ. ಪುಣೆಯ ಕಡೆಯಿಂದ ಹಳೆಯ ಗಾಡಿ ಕೂಡಿಡುವವನೊಬ್ಬ ಕೇಳಿಕೊಂಡು ಬಂದಿದ್ದ. ಸಂಸಾರಕ್ಕೆ ಒಗ್ಗದವಳೆಂದು ನಕ್ಕಿದ್ದ ದಾಕ್ಷಾಯಣಿಯೇ ಅವನಿಗೆ ಚಹಾ ಕೊಟ್ಟು, "ಮನಿ ಮಂದೀನ್ನ ಯಾರರ ಮಾರತಾರೇನ್ರೀ?" ಎಂದು ಕಳಿಸಿದಳು.

ಕಾಂತವ್ವ ಈಗ ಎಲ್ಲರಿಗೂ ಅವ್ವ, ಅತ್ತಿ, ಆಯಿ. ಕಾಂತಾ ಎನ್ನುವವರು ಯಾರೂ ಉಳಿದಿಲ್ಲ. ಮೊನ್ನೆ ಒಂದು ಸಂಜೆ ಮನೆಯವರೆಲ್ಲ ಯಾರದೋ ಮದುವೆಗೆ ಹೋಗಿದ್ದರು. ಆಕೆ ಗೋಡೆ ಹಿಡಿದುಕೊಂಡು ಮಗ್ಗದ ಕೋಣೆಗೆ ಬಂದಳು. ನನ್ನ ಟ್ಯಾಂಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುದುಕರು ಕರೆಯುತ್ತಿದ್ದ ಅದೇ ರಾಗದಲ್ಲಿ ಕರೆದಳು.

"ಕಾಂತಾ."

ನನ್ನೊಳಗೆ ಪೆಟ್ರೋಲಿರಲಿಲ್ಲ. ಕೀಲಿ ಮೊಳೆಗೆ ತೂಗುತ್ತಿತ್ತು. ಓಗೊಡಲು ನನಗೆ ಆಗಲಿಲ್ಲ. ಆಕೆ ತುಸು ಹೊತ್ತು ಕಾದಳು. ಕರೆದದ್ದು ನನ್ನನ್ನೋ ತನ್ನನ್ನೋ, ಅದನ್ನು ನಾನು ಕೇಳುವ ಹಾಗಿಲ್ಲ. ಆ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಹಾಡಬೇಕಿತ್ತು. ಆ ಸಂಜೆ ಅವಳೇ ಹಾಡಿದಳು, ಸದ್ದಿನ ಮರೆಯಿಲ್ಲದೆ, ಬಾಗಿಲು ತೆರೆದಿಟ್ಟುಕೊಂಡು.